ಸುಳಿವು ಮಗುವಿನ ಕಣ್ಣಿಗೂ ಬೀಳಬೇಕು

ಮಕ್ಕಳ ಮತ್ತು ಹದಿಹರೆಯದವರ ಪತ್ತೇದಾರಿ ಕಾದಂಬರಿಗಳನ್ನು ತಿದ್ದುವುದು ನನ್ನ ಕೆಲಸ. ಹಸ್ತಪ್ರತಿ ಬಂದ ಕೂಡಲೇ ಮೊದಲು ಓದುವುದು ಕೊನೆಯ ಅಧ್ಯಾಯ. ಕಳ್ಳ ಯಾರು, ಹೇಗೆ ಸಿಕ್ಕಿಬಿದ್ದ ಅಂತ ತಿಳಿದುಕೊಂಡ ಮೇಲೆ ಮೊದಲ ಪುಟಕ್ಕೆ ಹೋಗಿ, ಆ ಉತ್ತರಕ್ಕೆ ಬೇಕಾದ ಒಂದೊಂದು ಸುಳಿವೂ ಯಾವ ಪುಟದಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಯಾವುದಾದರೂ ಸುಳಿವಿನ ಎದುರು ಪುಟಸಂಖ್ಯೆ ಬರೆಯಲು ಆಗದಿದ್ದರೆ ಲೇಖಕರಿಗೆ ಫೋನ್ ಹೋಗುತ್ತದೆ.

ಇಷ್ಟು ಹಟ ಯಾಕೆ? ದೊಡ್ಡವರು ಪಾತ್ರ ಚೆನ್ನಾಗಿದ್ದರೆ, ವಾತಾವರಣ ಹಿಡಿಸಿದರೆ, ಮೋಸದ ಅಂತ್ಯವನ್ನೂ ಸಹಿಸಿಕೊಂಡು ಬಿಡುತ್ತಾರೆ. ಮಕ್ಕಳು ಪತ್ತೇದಾರನ ಜೊತೆ ಪೈಪೋಟಿಗೆ ಇಳಿದು ಓದುತ್ತಾರೆ, ಅವರಿಗೆ ಅನ್ಯಾಯ ಬೇಗ ಗೊತ್ತಾಗುತ್ತದೆ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮ ಹಾಕಿಕೊಟ್ಟರು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಂದ ಮುಚ್ಚಿಡಬಾರದು ಅನ್ನುವುದು ಅದರಲ್ಲೊಂದು. ಅಮೆರಿಕದ ಲೇಖಕ ಡೊನಾಲ್ಡ್ ಸೋಬಲ್ 1963ರಲ್ಲಿ ಶುರು ಮಾಡಿದ ಎನ್‌ಸೈಕ್ಲೋಪೀಡಿಯಾ ಬ್ರೌನ್ ಅನ್ನುವ ಬಾಲ ಪತ್ತೇದಾರನ ಕಥೆಗಳಲ್ಲಂತೂ ಉತ್ತರ ಪುಸ್ತಕದ ಕೊನೆಯಲ್ಲಿ ಬೇರೆಯಾಗಿಯೇ ಇರುತ್ತದೆ, ಮೊದಲು ನೀನೇ ಯೋಚಿಸು ಅನ್ನುವ ಹಾಗೆ. ಮಗುವಿನ ಬುದ್ಧಿಗೆ ಇದಕ್ಕಿಂತ ಜಾಸ್ತಿ ಮರ್ಯಾದೆ ಹೇಗೆ ಕೊಡುವುದು, ಹೇಳಿ.

ಹಾಗಂತ ಸುಳಿವು ಎದ್ದು ಕಾಣಬಾರದು. ನಾನು ಲೇಖಕರಿಗೆ ಹೇಳುವ ಉಪಾಯ ಒಂದೇ: ಮೂರು ವಸ್ತುಗಳ ಮಧ್ಯೆ ಅದನ್ನು ಇಡಿ, ಆಮೇಲೆ ತಕ್ಷಣ ಏನಾದರೂ ಗಲಾಟೆ ಆಗಲಿ. ಮೇಜಿನ ಮೇಲೆ ಹಳೆಯ ಪೇಪರ್, ನೆನೆದ ಕೊಡೆ, ಅರ್ಧ ತಿಂದ ಬಿಸ್ಕೆಟ್. ಅಷ್ಟರಲ್ಲಿ ನಾಯಿ ಬಂದು ಬಿಸ್ಕೆಟ್ ಕಚ್ಚಿಕೊಂಡು ಓಡುತ್ತದೆ, ಎಲ್ಲರೂ ಅದರ ಹಿಂದೆ. ಓದುವ ಮಗುವಿಗೆ ನಾಯಿ ನೆನಪಿರುತ್ತದೆ, ಕೊಡೆ ಮರೆತುಹೋಗುತ್ತದೆ. ನಾಲ್ಕು ಅಧ್ಯಾಯ ಕಳೆದ ಮೇಲೆ ಆ ಮನೆಯಾತ "ಬೆಳಿಗ್ಗೆಯಿಂದ ನಾನು ಹೊರಗೇ ಹೋಗಿಲ್ಲ" ಅಂದಾಗ ಚುರುಕಾದ ಓದುಗ ಪುಟ ಹಿಂದಕ್ಕೆ ತಿರುವುತ್ತಾನೆ.

ಹದಿಹರೆಯದವರ ಕಥೆಯಲ್ಲಿ ತೊಂದರೆಯೇ ಬೇರೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಒಂದು ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ, ಕಥೆ ಮುಗಿಯಿತು. ಅದಕ್ಕೆ ತುಂಬಾ ಜನ ಬ್ಯಾಟರಿ ಖಾಲಿ ಮಾಡಿಸುತ್ತಾರೆ, ಇಲ್ಲವೇ ಸಿಗ್ನಲ್ ಇಲ್ಲ ಅನ್ನುತ್ತಾರೆ. ನನಗದು ಒಪ್ಪಿಗೆಯಿಲ್ಲ. ಫೋನ್ ಸರಿಯಾಗಿಯೇ ಇರಲಿ, ಫೋನ್ ಮಾಡಲು ಮನಸ್ಸು ಬಾರದಂಥ ಕಾರಣ ಇರಲಿ. ಅನುಮಾನ ಅಣ್ಣನ ಮೇಲೆ, ಆಪ್ತ ಗೆಳತಿಯ ಮೇಲೆ ಬಂದರೆ ಸಾಕು. ಎಂಟು ವರ್ಷದ ಮಗುವಿಗೆ ಯಾರು ಕದ್ದರು ಅನ್ನುವುದೇ ದೊಡ್ಡ ಪ್ರಶ್ನೆ. ಹದಿನೈದರವರಿಗೆ, ಗೊತ್ತಾದದ್ದನ್ನು ಹೇಳಬೇಕಾ ಬೇಡವಾ ಅನ್ನುವುದೇ ನಿದ್ದೆ ಕೆಡಿಸುತ್ತದೆ.

ಅಚ್ಚಿಗೆ ಹೋಗುವ ಮುಂಚೆ ಕೊನೆಯ ಎರಡು ಅಧ್ಯಾಯ ತೆಗೆದಿಟ್ಟು, ಉಳಿದದ್ದನ್ನು ಅದೇ ವಯಸ್ಸಿನ ಕೆಲವು ಮಕ್ಕಳಿಗೆ ಕೊಡುತ್ತೇವೆ. ಯಾರು ಮಾಡಿದ್ದು, ಯಾಕೆ ಹಾಗನ್ನಿಸಿತು ಅಂತ ಬರೆದುಕೊಡಬೇಕು. ಒಬ್ಬರೂ ಸರಿಯಾಗಿ ಹೇಳದಿದ್ದರೆ ಸುಳಿವು ಸಾಲದು, ಎಲ್ಲರೂ ಹೇಳಿದರೆ ಜಾಸ್ತಿಯಾಯಿತು. ಒಂದಿಬ್ಬರು ಸರಿಯಾಗಿ ಬರೆದರೆ ಕೆಲವು ಲೇಖಕರು ಗಾಬರಿಯಾಗಿ ಸುಳಿವು ತೆಗೆಯಲು ಹೊರಡುತ್ತಾರೆ. ಅವರನ್ನು ತಡೆಯುವುದೂ ನನ್ನ ಕೆಲಸವೇ. ಆ ಒಂದಿಬ್ಬರು ಮಕ್ಕಳು ಮುಂದಿನ ಭಾಗ ಯಾವಾಗ ಬರುತ್ತದೆ ಅಂತ ಅದೇ ಹಾಳೆಯ ಕೆಳಗೆ ಕೇಳಿರುತ್ತಾರೆ, ಅದನ್ನೇ ತೋರಿಸುತ್ತೇನೆ.