ಶರಾವತಿಯಲ್ಲಿ ಎಂಟು ಅಡಿಯ ಹಾಯಿದೋಣಿ

ಹೊನ್ನಾವರದ ಸೇತುವೆಗಳಿಂದ ಮೇಲ್ಗಡೆ, ಶರಾವತಿ ಅಗಲವಾಗಿ ಹರಡಿಕೊಂಡು ಕುದ್ರು ಎಂಬ ನಡುಗಡ್ಡೆಗಳನ್ನು ಬಳಸಿ ನಿಧಾನವಾಗಿ ಹರಿಯುವ ಜಾಗದಲ್ಲಿ, ನಮ್ಮ ಮನೆಯಂಗಳದಲ್ಲೇ ಕಟ್ಟಿದ ಎಂಟು ಅಡಿ ಉದ್ದದ ಹಾಯಿದೋಣಿಯೊಂದನ್ನು ನಾನು ಎರಡು ವರ್ಷಗಳಿಂದ ನಡೆಸುತ್ತಿದ್ದೇನೆ. ನೋಡಿದವರೆಲ್ಲ ಅದನ್ನು ಹೇಗೆ ಕಟ್ಟಿದಿರಿ, ಎಷ್ಟು ಖರ್ಚಾಯಿತು ಎಂದು ಕೇಳುತ್ತಾರೆ. ಮಗುಚಿದರೆ ಏನು ಮಾಡುತ್ತೀರಿ ಎಂದು ಕೇಳುವವರು ಕಡಿಮೆ. ಈ ಕೊನೆಯ ಪ್ರಶ್ನೆಗೆ ಉತ್ತರವನ್ನು ಪ್ಲೈವುಡ್ ಹಲಗೆಗೆ ಗರಗಸ ಹಾಕುವ ಮೊದಲೇ ಕಂಡುಕೊಂಡಿರಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ಆದ್ದರಿಂದ ಕಟ್ಟಿದ ಕಥೆಯನ್ನೂ ನಡೆಸುವ ಕಥೆಯನ್ನೂ ಬೇರೆ ಮಾಡದೆ ಒಟ್ಟಿಗೇ ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡ ಮಾದರಿಯ ಹೆಸರು ಪಡಲ್ ಡಕ್ ರೇಸರ್. ಅಮೆರಿಕದ ಡೇವಿಡ್ ರೌತ್ ಅವರು 2003ರಲ್ಲಿ ರೂಪಿಸಿದ ಈ ದೋಣಿಯ ಉದ್ದ ಎಂಟು ಅಡಿ, ಅಗಲ ನಾಲ್ಕು ಅಡಿ. ತಳದಿಂದ ಹತ್ತು ಇಂಚಿನವರೆಗಿನ ಆಕಾರ ಎಲ್ಲ ದೋಣಿಗಳಲ್ಲಿಯೂ ಒಂದೇ ಆಗಿರಬೇಕು ಎಂಬುದು ಅದರ ಮುಖ್ಯ ನಿಯಮ. ಅದರ ಮೇಲಿನ ಭಾಗ, ಹಾಯಿ ಕಟ್ಟುವ ಕಂಬವಾದ ಕೂವೆಮರ, ಹಾಯಿ ಎಲ್ಲವೂ ಕಟ್ಟುವವರ ಇಷ್ಟಕ್ಕೆ ಬಿಟ್ಟದ್ದು. ನೋಡಲು ಅದು ಮುಚ್ಚಳವಿಲ್ಲದ ಪೆಟ್ಟಿಗೆಯಂತಿದೆ, ಮುಂಭಾಗ ಚೂಪಾಗಿಲ್ಲ. ಆದರೆ ಎಂಟಕ್ಕೆ ನಾಲ್ಕರ ಪ್ಲೈವುಡ್ ಹಲಗೆಯ ಅಳತೆಗೆ ಸರಿಯಾಗಿ ಹೊಂದುವುದರಿಂದ ಹಲಗೆಗೆ ಹಲಗೆ ಜೋಡಿಸಿ ಉದ್ದ ಮಾಡುವ ಕಷ್ಟದ ಕೆಲಸ ಇಲ್ಲಿಲ್ಲ, ಮತ್ತು ಅಗಲವಾದ ಚಪ್ಪಟೆ ತಳ ಕಲಿಯುವವರ ತಪ್ಪುಗಳನ್ನು ಸಾಕಷ್ಟು ಸಹಿಸಿಕೊಳ್ಳುತ್ತದೆ.

ಮರದ ವಿಷಯದಲ್ಲಿ ನನಗೆ ಮೊದಲ ಪೆಟ್ಟು ಬಿತ್ತು. ನೀರಿನಲ್ಲಿ ಬಳಸುವ ಮರೈನ್ ಪ್ಲೈವುಡ್‌ಗೆ ನಮ್ಮ ದೇಶದ ಮಾನದಂಡ ಐಎಸ್ 710. ಆ ಪರೀಕ್ಷೆಯಲ್ಲಿ ಪ್ಲೈವುಡ್ ತುಂಡು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿದ್ದರೂ ಪದರ ಬಿಡಬಾರದು. ಪೇಟೆಯ ಒಂದು ಅಂಗಡಿಯಿಂದ ಆ ಸಂಖ್ಯೆಯ ಮುದ್ರೆ ಇದ್ದ ಆರು ಮಿಲಿಮೀಟರ್ ದಪ್ಪದ ಮೂರು ಹಲಗೆಗಳನ್ನು ತಂದೆ. ಮುದ್ರೆ ಸ್ಪಷ್ಟವಾಗಿಯೇ ಇತ್ತು, ಬೆಲೆಯೂ ಅದಕ್ಕೆ ತಕ್ಕಂತೆಯೇ ಇತ್ತು. ಆದರೂ ಮನಸ್ಸಿಗೆ ಸಮಾಧಾನವಾಗದೆ ಅಂಗೈಯಷ್ಟು ಅಗಲದ ಒಂದು ತುಂಡನ್ನು ಕತ್ತರಿಸಿ, ಬಚ್ಚಲೊಲೆಯ ಮೇಲೆ ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಅದು ತೇಲದಂತೆ ಮೇಲೆ ಕಲ್ಲು ಹೇರಿ ಕುದಿಸಿದೆ. ಮೂರು ಗಂಟೆಯೊಳಗೆ ನೀರು ಕಂದು ಬಣ್ಣಕ್ಕೆ ತಿರುಗಿತು. ತುಂಡನ್ನು ಹೊರತೆಗೆದು ಅಂಚಿಗೆ ಉಗುರು ಹಾಕಿದಾಗ ಮೇಲಿನ ಪದರ ಬಾಳೆಪಟ್ಟೆಯ ಸಿಪ್ಪೆಯಂತೆ ಎದ್ದುಬಂತು. ಕತ್ತರಿಸಿದ ಅಂಚನ್ನು ಬಿಸಿಲಿಗೆ ಹಿಡಿದು ನೋಡಿದರೆ ಒಳಪದರದಲ್ಲಿ ಕಡ್ಡಿ ತೂರುವಷ್ಟು ದೊಡ್ಡ ತೂತುಗಳಿದ್ದವು. ಆ ಹಲಗೆಗಳು ಕೊನೆಗೆ ಮನೆಯ ಅಟ್ಟಕ್ಕೆ ಹೋದವು. ಎರಡನೆಯ ಸಲ ಬೇರೆ ಕಡೆಯಿಂದ ಮೊದಲು ಒಂದು ತುಂಡು ತಂದು, ಇಡೀ ಒಂದು ದಿನ ಕುದಿಸಿ, ಪದರಗಳು ಗಟ್ಟಿಯಾಗಿ ಉಳಿದದ್ದನ್ನು ನೋಡಿದ ಮೇಲೆಯೇ ಹಲಗೆ ಕೊಂಡೆ. ದೋಣಿ ಕಟ್ಟುವ ಯೋಚನೆ ಇರುವವರು ಇದೊಂದು ಕೆಲಸವನ್ನು ದಯವಿಟ್ಟು ಬಿಡಬಾರದು.

ಹಲಗೆಗಳನ್ನು ಹೊಲಿದು ಅಂಟಿಸುವ ವಿಧಾನವನ್ನು ನಾನು ಅನುಸರಿಸಿದೆ. ಮನೆಯಲ್ಲಿ ದೋಣಿ ಕಟ್ಟುವವರ ನಡುವೆ ಈ ವಿಧಾನವನ್ನು ಜನಪ್ರಿಯಗೊಳಿಸಿದ್ದು ಇಂಗ್ಲೆಂಡಿನ ಮಿರರ್ ಎಂಬ ಕೆಂಪು ಹಾಯಿಯ ಪುಟ್ಟ ದೋಣಿ. ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್‌ನೆಲ್ ಅವರು 1960ರ ದಶಕದ ಆರಂಭದಲ್ಲಿ ರೂಪಿಸಿದ ಅದಕ್ಕೆ ಡೈಲಿ ಮಿರರ್ ಪತ್ರಿಕೆಯ ಬೆಂಬಲವಿತ್ತು, ಹೆಸರೂ ಅಲ್ಲಿಂದಲೇ ಬಂತು. ಆದರೆ ಹಲಗೆ ಹೊಲಿಯುವುದು ಅರಬ್ಬಿ ಸಮುದ್ರದ ಈ ದಂಡೆಗೆ ಹೊಸದಲ್ಲ. ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಹಡಗು ಕಟ್ಟುವ ವಿದ್ಯೆ ಇಲ್ಲಿ ಶತಮಾನಗಳ ಕಾಲ ನಡೆದುಬಂದದ್ದು. ಅದೇ ವಿದ್ಯೆಯಿಂದ, ಅಜಂತಾದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಕೇರಳದ ಕುಶಲಕರ್ಮಿಗಳು ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹಾಯಿಹಡಗು 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಯನ್ನು ಸೇರಿತು. ಅವರು ನಾರಿನ ಹಗ್ಗದಿಂದ ಹೊಲಿದರೆ ನಾನು ತಾಮ್ರದ ತಂತಿಯಿಂದ ಹೊಲಿದೆ. ಅಂಚಿನಲ್ಲಿ ಗೇಣಿಗೊಂದರಂತೆ ಜೋಡಿ ತೂತು ಕೊರೆದು, ತಂತಿ ತೂರಿಸಿ, ಇಕ್ಕಳದಿಂದ ಸ್ವಲ್ಪ ಸ್ವಲ್ಪವೇ ತಿರುಚುತ್ತ ಹೋದಂತೆ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಹಲಗೆಗಳು ಬಾಗಿ ಎದ್ದು ದೋಣಿಯ ಆಕಾರ ತಾಳಿದ ಆ ಸಂಜೆಯನ್ನು ನಾನು ಮರೆಯುವುದಿಲ್ಲ.

ಎಪಾಕ್ಸಿ ಅಂಟಿನ ಬಗ್ಗೆ ನಮ್ಮ ಕರಾವಳಿಯವರು ತಿಳಿದಿರಬೇಕಾದ ಸಂಗತಿಗಳಿವೆ. ಸೂಚನೆಗಳನ್ನು ತಂಪು ದೇಶದವರು ಬರೆದಿರುತ್ತಾರೆ, ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಸಿದ ಅಂಟು ಅವರು ಹೇಳಿದ ಅರ್ಧ ಸಮಯವೂ ತಡೆಯುವುದಿಲ್ಲ. ಅಂಟು ಮತ್ತು ಗಟ್ಟಿಕಾರಕ ಸೇರಿದಾಗ ಶಾಖ ಹುಟ್ಟುತ್ತದೆ. ಆಳವಾದ ಡಬ್ಬಿಯಲ್ಲಿ ಆ ಶಾಖ ಹೊರಹೋಗಲು ದಾರಿಯಿಲ್ಲದೆ ಅಂಟು ಇನ್ನಷ್ಟು ಬೇಗ ಗಟ್ಟಿಯಾಗುತ್ತದೆ, ಅದರಿಂದ ಶಾಖ ಮತ್ತೂ ಏರುತ್ತದೆ. ನನ್ನ ಮೊದಲ ಡಬ್ಬಿ ಕೈಯಲ್ಲೇ ಹೊಗೆಯಾಡಲು ತೊಡಗಿ, ಪ್ಲಾಸ್ಟಿಕ್ ಮೆತ್ತಗಾಗಿ, ಅದನ್ನು ಅಂಗಳದ ಮರಳಿನ ಮೇಲೆ ಎಸೆಯಬೇಕಾಯಿತು. ಅಂದಿನಿಂದ ಬೆಳಗಿನ ಒಂಬತ್ತರೊಳಗೆ, ಒಂದು ಸಲಕ್ಕೆ ನೂರೈವತ್ತು ಗ್ರಾಂ ಮೀರದಂತೆ ಕಲಸಿ, ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಂಡು ಕೆಲಸ ಮಾಡಿದೆ. ತೇವದ ಗಾಳಿಯಲ್ಲಿ ಗಟ್ಟಿಯಾದ ಅಂಟಿನ ಮೇಲೆ ಮೇಣದಂತಹ ತೆಳು ಜಿಡ್ಡು ಕೂರುತ್ತದೆ, ಅದನ್ನು ಬರೀ ನೀರಿನಲ್ಲಿ ಉಜ್ಜಿ ತೊಳೆಯದೆ ಮುಂದಿನ ಪದರ ಹಚ್ಚಿದರೆ ಅದು ಹಿಡಿಯುವುದಿಲ್ಲ. ಸಂದುಗಳ ಒಳಮೂಲೆಗೆ ನಯವಾದ ಮರದ ಹುಡಿ ಬೆರೆಸಿದ ಅಂಟನ್ನು ಬೆರಳಿನಷ್ಟು ದಪ್ಪಕ್ಕೆ ತುಂಬಿ, ಒಳಗೂ ಹೊರಗೂ ಗಾಜಿನ ನೂಲಿನ ಪಟ್ಟಿ ಹಾಸಿದೆ. ಕೈಗವಸು ಹಾಕದೆ ಈ ಕೆಲಸಕ್ಕೆ ಕೈಯಿಡಬಾರದು.

ಇನ್ನು ತೇಲುವಿಕೆಯ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಈ ಬರಹದ ಜೀವ ಅದರಲ್ಲಿದೆ. ತೆರೆದ ದೋಣಿಯೊಳಗೆ ನೀರು ತುಂಬಿದರೆ ಅದನ್ನು ಮುಖ್ಯವಾಗಿ ಎತ್ತಿ ಹಿಡಿಯುವುದು ಅದರೊಳಗೆ ಮುಚ್ಚಿಟ್ಟ ಗಾಳಿ, ಒಂದು ಲೀಟರ್ ಗಾಳಿ ಸುಮಾರು ಒಂದು ಕಿಲೋ ಭಾರವನ್ನು ಹೊರುತ್ತದೆ. ನನ್ನ ದೋಣಿಯ ಎರಡೂ ಬದಿಗೆ ಉದ್ದಕ್ಕೂ ಹತ್ತು ಇಂಚು ಅಗಲದ ಮುಚ್ಚಿದ ಪೆಟ್ಟಿಗೆಗಳಿವೆ. ಒಂದೊಂದರಲ್ಲಿ ಸುಮಾರು 180 ಲೀಟರ್ ಗಾಳಿ ಹಿಡಿಯುತ್ತದೆ. ದೋಣಿಯ ತೂಕ ಐವತ್ತು ಕಿಲೋದಷ್ಟು, ನನ್ನದು ಎಪ್ಪತ್ತು. ಒಂದು ಪೆಟ್ಟಿಗೆಯೇ ನಮ್ಮಿಬ್ಬರನ್ನೂ ತೇಲಿಸಬಲ್ಲದು ಎಂದು ಕಾಗದದ ಮೇಲೆ ನೆಮ್ಮದಿಪಟ್ಟಿದ್ದೆ.

ದೋಣಿಯನ್ನು ಬೇಕೆಂದೇ ಮಗುಚಿ ನೋಡಿದ ದಿನ ಆ ಲೆಕ್ಕದ ತಪ್ಪು ಹೊರಬಿತ್ತು. ಕೂವೆಮರದ ತುದಿ ಕೆಸರಿಗೆ ಸಿಕ್ಕಿಕೊಳ್ಳದಷ್ಟು ಆಳದ ಜಾಗ ಆರಿಸಿ, ನೆರೆಯ ಹಿರಿಯ ಮೀನುಗಾರರೊಬ್ಬರನ್ನು ಅವರ ಪಾತಿದೋಣಿ ಎಂಬ ಚಿಕ್ಕ ದೋಣಿಯಲ್ಲಿ ಹತ್ತಿರವೇ ಇರಲು ಕೇಳಿಕೊಂಡು, ಜೀವರಕ್ಷಕ ಜಾಕೆಟ್ ತೊಟ್ಟು, ಬದಿಯ ಮೇಲೆ ನನ್ನ ಭಾರವೆಲ್ಲ ಹಾಕಿ ಮಗುಚಿದೆ. ತಳದ ಕಡೆಗೆ ಈಜಿ, ದೋಣಿ ಪಕ್ಕಕ್ಕೆ ಜಾರದಂತೆ ತಳದ ನಡುವಿನಿಂದ ನೀರಿಗೆ ಇಳಿಸಿರುವ ಡ್ಯಾಗರ್‌ಬೋರ್ಡ್ ಎಂಬ ಹಲಗೆಯ ಮೇಲೆ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿದಾಗ ದೋಣಿ ಎದ್ದಿತು. ಎರಡನೆಯ ಸಲವೂ ಎದ್ದಿತು, ಆದರೆ ಎಡಕ್ಕೆ ವಾಲಿಕೊಂಡೇ ನಿಂತಿತು. ಮೂರನೆಯ ಸಲ ಎದ್ದ ದೋಣಿ ನಾನು ಹತ್ತುವ ಮೊದಲೇ ತಾನಾಗಿ ಎಡಕ್ಕೆ ಉರುಳಿತು. ದಡಕ್ಕೆ ಎಳೆದು ತಂದು ನೋಡಿದರೆ ಎಡ ಪೆಟ್ಟಿಗೆಯ ತಿರುಪಿನ ಮುಚ್ಚಳದ ರಬ್ಬರ್ ಬಳೆ ಒಂದು ಕಡೆ ಮಡಿಚಿಕೊಂಡಿತ್ತು, ಒಳಗೆ ಬಿಂದಿಗೆಗಟ್ಟಲೆ ನೀರು ಸೇರಿತ್ತು. ಒಂದು ರಬ್ಬರ್ ಬಳೆಯ ಮೇಲೆ ಜೀವ ಇಡಬಾರದು ಎಂದು ಆ ರಾತ್ರಿಯೇ ಎರಡು ಲೀಟರಿನ ಖಾಲಿ ತಂಪುಪಾನೀಯದ ಬಾಟಲಿಗಳನ್ನು ಕೂಡಿಹಾಕಲು ಶುರುಮಾಡಿದೆ. ಈಗ ಒಂದೊಂದು ಪೆಟ್ಟಿಗೆಯಲ್ಲೂ ಬಿರಡೆ ಬಿಗಿದ ನಲವತ್ತು ಬಾಟಲಿಗಳಿವೆ. ಮುಚ್ಚಳ ಪೂರ್ತಿ ಬಿದ್ದುಹೋದರೂ ಬದಿಗೆ ಎಂಬತ್ತು ಲೀಟರ್ ಗಾಳಿ ಉಳಿಯುತ್ತದೆ. ಹಾಗೆ ಮಾಡಿದ ಮೇಲೆ ಎಡಪೆಟ್ಟಿಗೆಯ ಮುಚ್ಚಳವನ್ನು ತೆಗೆದಿಟ್ಟೇ ಮತ್ತೊಮ್ಮೆ ಮಗುಚಿ ಪರೀಕ್ಷಿಸಿದ್ದೇನೆ.

ಆ ದಿನ ಕಲಿತ ಇನ್ನೆರಡು ಪಾಠಗಳಿವೆ. ದೋಣಿ ಎತ್ತುವ ಮೊದಲು ಹಾಯಿಯ ಹಗ್ಗ ಸಡಿಲವಾಗಿರಬೇಕು, ಮುಂಭಾಗ ಗಾಳಿಗೆ ಎದುರಾಗಿರಬೇಕು. ಇಲ್ಲದಿದ್ದರೆ ಎದ್ದ ಕ್ಷಣವೇ ಹಾಯಿ ಗಾಳಿ ತುಂಬಿಕೊಂಡು ದೋಣಿ ಮತ್ತೊಂದು ಬದಿಗೆ ಮಗುಚುತ್ತದೆ. ಎರಡನೆಯದು, ಗಾಳಿಪೆಟ್ಟಿಗೆಗಳಿಂದ ಎತ್ತರವಾಗಿ ತೇಲುವ ಮಗುಚಿದ ದೋಣಿಯನ್ನು ಗಾಳಿ ಈಜುವವನಿಗಿಂತ ವೇಗವಾಗಿ ದೂಡಿಕೊಂಡು ಹೋಗುತ್ತದೆ, ಆದ್ದರಿಂದ ಬೀಳುವಾಗಲೂ ಒಂದು ಹಗ್ಗ ಕೈಯಲ್ಲಿ ಉಳಿಯಬೇಕು. ದೋಣಿ ಬಿಟ್ಟು ದಡಕ್ಕೆ ಈಜುವ ಯೋಚನೆಯನ್ನು, ದಡ ಎಷ್ಟೇ ಹತ್ತಿರ ಕಂಡರೂ, ಮಾಡಬಾರದು.

ಹಾಯಿಯನ್ನು ಟಾರ್ಪಾಲಿನಿಂದ ಹೊಲಿಸಿದೆ. ಮಳೆಗಾಲದ ಚಪ್ಪರಗಳಿಗೆ ಟಾರ್ಪಾಲು ಹೊಲಿಯುವ ದರ್ಜಿಯೊಬ್ಬರು ನೇರ ಅಂಚು ಯಾಕೆ ಬೇಡ ಎಂದು ಕೇಳಿದರು. ಕೂವೆಮರದ ಕಡೆಯ ಅಂಚನ್ನೂ ಮೇಲಂಚನ್ನೂ ಸ್ವಲ್ಪ ಹೊರಬಾಗಿಸಿ ಕತ್ತರಿಸಿದರೆ, ನೇರವಾದ ಕೋಲಿಗೆ ಕಟ್ಟಿದಾಗ ಆ ಹೆಚ್ಚಿನ ಬಟ್ಟೆ ನಡುವಿಗೆ ಸರಿದು ಹಾಯಿಗೆ ಹೊಟ್ಟೆ ಬರುತ್ತದೆ, ಆ ಹೊಟ್ಟೆಯಿಲ್ಲದೆ ದೋಣಿ ಗಾಳಿಯ ಎದುರುದಿಕ್ಕಿಗೆ ಚೆನ್ನಾಗಿ ಹತ್ತುವುದಿಲ್ಲ ಎಂದು ವಿವರಿಸಿದಾಗ ಅವರು ಒಪ್ಪಿ ಚೆನ್ನಾಗಿಯೇ ಹೊಲಿದರು. ವಿಸ್ತಾರ ಐದು ಚದರ ಮೀಟರ್. ಕೆಳಗಿನ ಭಾಗವನ್ನು ಮಡಿಚಿ ಕಟ್ಟಲು ಒಂದು ಸಾಲು ಕಣ್ಣುಗಳನ್ನು ಹಾಕಿಸಿದ್ದೇನೆ, ಕಟ್ಟಿದರೆ ಮೂರೂವರೆ ಚದರ ಮೀಟರಿಗೆ ಇಳಿಯುತ್ತದೆ. ಗಾಳಿಯ ವೇಗ ದುಪ್ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುವುದರಿಂದ, ಮಡಿಚಬೇಕೇ ಎಂಬ ಸಂಶಯ ಬಂದಾಗಲೇ, ಇನ್ನೂ ದಡದಲ್ಲಿರುವಾಗಲೇ ಮಡಿಚುತ್ತೇನೆ. ಹಾಯಿಯ ಹಗ್ಗವನ್ನು ಎಂದೂ ದೋಣಿಗೆ ಕಟ್ಟುವುದಿಲ್ಲ, ಅದು ಯಾವಾಗಲೂ ಕೈಯಲ್ಲೇ ಇರುತ್ತದೆ. ರಭಸದ ಗಾಳಿ ಬಂದಾಗ ಬಿಟ್ಟರೆ ದೋಣಿ ನೆಟ್ಟಗಾಗುತ್ತದೆ.

ಗಾಳಿಯನ್ನು ಓದಲು ಕಲಿಸಿದವರು ಅದೇ ಹಿರಿಯರು. ನಾನು ತಲೆಯೆತ್ತಿ ಹಾಯಿಯನ್ನೇ ನೋಡುತ್ತಿದ್ದಾಗ ಪಾತಿದೋಣಿಯಿಂದ ಕೂಗಿ, “ತಮ್ಮಾ, ಹಾಯಿ ನೋಡ್ಬೇಡ, ನೀರು ನೋಡು” ಎಂದರು. ರಭಸದ ಗಾಳಿ ನಮ್ಮನ್ನು ಮುಟ್ಟುವ ಮೊದಲು ನೀರಿನ ಮೇಲೆ ಕಪ್ಪಾದ ತೇಪೆಯಾಗಿ ಓಡಿಬರುವುದನ್ನು ಅಂದು ಮೊದಲ ಬಾರಿಗೆ ಕಂಡೆ. ನಮ್ಮಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗ್ಗೆ ನೆಲದಿಂದ ಕಡಲಿಗೆ ತೆಳುವಾದ ಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಕಡಲಿನಿಂದ ಬೀಸಲು ತೊಡಗಿ, ಮೂರು ಗಂಟೆಯ ಸುಮಾರಿಗೆ ಬಲಿಯುತ್ತದೆ. ಬೆಳಗಿನ ಗಾಳಿಯೂ ಇಳಿತವೂ ಸೇರಿದರೆ ಎರಡೂ ದೋಣಿಯನ್ನು ಸೇತುವೆಯ ಕಂಬಗಳ ಕಡೆಗೆ, ಅವುಗಳನ್ನು ದಾಟಿದರೆ ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಒಯ್ಯುತ್ತವೆ. ಹೊರಹೋಗುವ ನೀರು ಒಳಬರುವ ಅಲೆಗೆ ಎದುರಾಗಿ, ಮರಳುದಿಬ್ಬದ ಮೇಲೆ ಅಲೆ ಕಡಿದಾಗಿ ಒಡೆಯುವ ಅಳಿವೆಯಲ್ಲಿ ಅನುಭವಿ ಮೀನುಗಾರರ ಯಂತ್ರದ ದೋಣಿಗಳೇ ಎಚ್ಚರದಿಂದ ಹೋಗಬೇಕಾಗುತ್ತದೆ. ಪೆಟ್ಟಿಗೆಯಂತಹ ನನ್ನ ದೋಣಿಗೆ ಅಲ್ಲಿ ಕೆಲಸವಿಲ್ಲ. ಆದ್ದರಿಂದ ನಾನು ಉಬ್ಬರ ಏರುತ್ತಿರುವಾಗ, ಕಡಲಗಾಳಿ ಶುರುವಾದ ಮೇಲೆ ಇಳಿಯುತ್ತೇನೆ. ಏನೇ ಕೆಟ್ಟರೂ ಆಗ ಗಾಳಿ ಮತ್ತು ನೀರು ಎರಡೂ ನನ್ನನ್ನು ಒಳನಾಡಿನ ಕಡೆಗೇ ತಳ್ಳುತ್ತವೆ. ಮೇಲ್ಗಡೆ ಗೇರುಸೊಪ್ಪೆಯ ಅಣೆಕಟ್ಟಿನಿಂದ ಬಿಡುವ ನೀರಿನಿಂದಲೂ ಹೊಳೆಯ ಸೆಳೆತ ಬದಲಾಗುವುದರಿಂದ ಉಬ್ಬರದ ಕೋಷ್ಟಕವನ್ನಷ್ಟೇ ನಂಬದೆ, ದಡದ ಗೂಟದ ಸುತ್ತ ನೀರು ಯಾವ ಕಡೆಗೆ ಸುಳಿಯುತ್ತಿದೆ ಎಂದು ನೋಡಿಕೊಳ್ಳುತ್ತೇನೆ. ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾದರೆ ಹಾಯಿ ಮಡಿಚುತ್ತೇನೆ, ಎಲ್ಲೆಡೆ ಬೆಳ್ಳಗಾಗಿದ್ದರೆ ದೋಣಿ ಇಳಿಸುವುದಿಲ್ಲ. ಅಕ್ಟೋಬರಿನಲ್ಲಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಘಟ್ಟದ ಮೇಲೆ ಕಪ್ಪು ಮೋಡ ಎದ್ದರೆ ಗುಡುಗು ಕೇಳುವವರೆಗೆ ಕಾಯದೆ ದಡ ಸೇರುತ್ತೇನೆ. ಮಳೆಗಾಲವಿಡೀ ದೋಣಿ ಕೊಟ್ಟಿಗೆಯಲ್ಲಿ ಬೋರಲಾಗಿ ಮಲಗಿರುತ್ತದೆ.

ಜೊತೆಗೆ ಒಯ್ಯುವ ಸಾಮಾನು ಹೆಚ್ಚಿಲ್ಲ. ಒಂದು ಹುಟ್ಟು, ನೀರು ಮೊಗೆಯಲು ಹಗ್ಗ ಕಟ್ಟಿದ ಡಬ್ಬಿ, ಚಿಕ್ಕ ಲಂಗರು, ಸೀಟಿ, ನೀರು ಸೇರದ ಚೀಲದಲ್ಲಿ ಫೋನು. ಕರಾವಳಿ ಕಾವಲು ಪೊಲೀಸರ 1093 ಮತ್ತು ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗಳನ್ನು ದೋಣಿಯ ಒಳಬದಿಗೇ ಬಣ್ಣದಲ್ಲಿ ಬರೆದಿದ್ದೇನೆ. ಎಷ್ಟು ಹೊತ್ತಿಗೆ ಮರಳುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗುತ್ತೇನೆ, ಆ ಹೊತ್ತಿಗೆ ಅರ್ಧ ಗಂಟೆ ಮೀರಿದರೆ ಅವರು ಮೊದಲು ಆ ಹಿರಿಯ ಮೀನುಗಾರರ ಮನೆಗೆ ಹೋಗುತ್ತಾರೆ.

ಈಗ ಅಕ್ಕನ ಮಗಳು ಚುಕ್ಕಾಣಿ ಹಿಡಿಯಬೇಕೆಂದು ಹಟ ಹಿಡಿದಿದ್ದಾಳೆ. ಅವಳಿಗೆ ಹದಿನಾಲ್ಕು ವರ್ಷ, ಚೆನ್ನಾಗಿ ಈಜುತ್ತಾಳೆ, ಅವಳ ಅಳತೆಯ ಜಾಕೆಟ್ ಕಳೆದ ವಾರ ಬಂದಿದೆ. ಬರುವ ಭಾನುವಾರ ಮಧ್ಯಾಹ್ನ ಉಬ್ಬರವಿದೆ. ಅಂದು ಹಾಯಿ ಬಿಚ್ಚುವ ಮೊದಲು ಅವಳು ಮೂರು ಸಲ ದೋಣಿಯನ್ನು ಮಗುಚಿ ಮೂರು ಸಲವೂ ತಾನೇ ಎತ್ತಬೇಕು ಎಂದು ಹೇಳಿದ್ದೇನೆ. ಪಾತಿದೋಣಿಯವರಿಗೂ ಬರಲು ಹೇಳಿಯಾಗಿದೆ.