ಏನೂ ಆಗದ ಎಂಟು ಸೆಕೆಂಡು

"ನಿಮ್ಮ ಕೆಲಸಕ್ಕೆ ವಿಡಿಯೋದಲ್ಲಿ ಎಷ್ಟು ಸೆಕೆಂಡ್ ಬೇಕು?" ಅಂತ ಕೇಳಿದ್ದು ನಾನೇ. ತಂಡದ ಎಲ್ಲರನ್ನೂ ಕೇಳಿದ ಹಾಗೆ, ಪರದೆ ಮೇಲೆ ವಿಂಡೋಗಳನ್ನ ಕೂರಿಸುವ ಕೋಡ್ ಬರೆಯುವವರನ್ನೂ ಕೇಳಿದೆ.

"ಏನೂ ಬೇಡ. ಏನೂ ಆಗಲ್ವಲ್ಲ, ಏನಂತ ತೋರಿಸ್ತೀರಿ?"

ಇದು ಸೋಮವಾರ ರಾತ್ರಿಯ ಕಾಲ್‌ನಲ್ಲಿ ನಡೆದ ಮಾತು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸೊನ್ನೆ ಬರೆದು ಮುಂದಿನವರ ಕಡೆ ಹೋದೆ. ಇವತ್ತು ಶನಿವಾರ. ಪಟ್ಟಿ ತೆರೆದಾಗಲೆಲ್ಲ ಮೊದಲು ಕಾಣೋದು ಆ ಸೊನ್ನೆಯೇ.

ನಮ್ಮದು ಓಪನ್ ಸೋರ್ಸ್ ಡೆಸ್ಕ್‌ಟಾಪ್, ಅಂದರೆ ಕಂಪ್ಯೂಟರ್ ಪರದೆ ಮೇಲೆ ಕಾಣೋ ವಿಂಡೋ, ಮೆನುಗಳನ್ನೆಲ್ಲ ನಡೆಸುವ, ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್. ಎಲ್ಲರೂ ಪುರುಸೊತ್ತಿನಲ್ಲಿ ಕೆಲಸ ಮಾಡುವವರು. ಹೊಸ ರಿಲೀಸ್‌ಗೆ ಮೂರು ವಾರ ಇದೆ, ವಿಡಿಯೋ ನನ್ನ ತಲೆಗೆ ಬಂದಿದೆ. ಇರೋದು 90 ಸೆಕೆಂಡ್. ಎಲ್ಲರೂ ಕೇಳಿದ್ದನ್ನ ಕೂಡಿಸಿದರೆ ನಾಲ್ಕು ನಿಮಿಷ ದಾಟಿತು. ವಾಲ್‌ಪೇಪರ್ ಮಾಡಿದ ಹುಡುಗನೊಬ್ಬನಿಗೇ 20 ಸೆಕೆಂಡ್ ಬೇಕಂತೆ! ಪ್ರತಿಭೆ ಇದೆ, ಒಪ್ಪೋಣ. ಆದರೆ ಆ ವಾಲ್‌ಪೇಪರನ್ನ ಅವನಿನ್ನೂ ಮುಗಿಸಿಲ್ಲ. ಅದು ಬದಲಾದಾಗಲೆಲ್ಲ ನಾನು ರೆಕಾರ್ಡ್ ಮಾಡಿದ್ದೆಲ್ಲ ಹಳೆಯದಾಗುತ್ತೆ. ಕೋಡ್‌ಗೆ ಫೀಚರ್ ಫ್ರೀಜ್ ಇದೆ, ಅನುವಾದಕ್ಕೆ ಸ್ಟ್ರಿಂಗ್ ಫ್ರೀಜ್ ಇದೆ, ಅಂದರೆ ಇಂಥ ದಿನದ ಮೇಲೆ ಹೊಸ ಫೀಚರ್ ಸೇರಿಸುವಂತಿಲ್ಲ, ಪರದೆ ಮೇಲಿನ ಮಾತು ಬದಲಿಸುವಂತಿಲ್ಲ. ವಾಲ್‌ಪೇಪರ್‌ಗೆ ಯಾವ ಫ್ರೀಜೂ ಇಲ್ಲ.

ಇನ್ನೊಬ್ಬರಿಗೆ ಕ್ಯೂಬ್ ಬೇಕು. ಯಾವ ಡೆಸ್ಕ್‌ಟಾಪ್ ವಿಡಿಯೋ ಮಾಡಿದರೂ ಕ್ಯೂಬ್ ಕೇಳುವವರು ಒಬ್ಬರು ಇದ್ದೇ ಇರುತ್ತಾರೆ. 2006ರಲ್ಲಿ ಕಾಂಪಿಜ್ ಅನ್ನೋ ಸಾಫ್ಟ್‌ವೇರ್ ಬಂದಾಗ ಅದರ ಕ್ಯೂಬನ್ನ, ಅಂದರೆ ಇಡೀ ಡೆಸ್ಕ್‌ಟಾಪ್ ಪೆಟ್ಟಿಗೆ ಥರ ತಿರುಗೋದನ್ನ ನೋಡಿ ಮರುಳಾಗಿ ಲಿನಕ್ಸ್ ಹಾಕಿಕೊಂಡವರಲ್ಲಿ ನಾನೂ ಒಬ್ಬ. ಎರಡು ದಿನ ತಿರುಗಿಸಿದೆ, ಮೂರನೇ ದಿನ ಆಫ್ ಮಾಡಿದೆ. ಹಾಗಿದ್ದೂ ಕೆಡಿಇ ಪ್ಲಾಸ್ಮಾ ಅನ್ನೋ ಲಿನಕ್ಸ್ ಡೆಸ್ಕ್‌ಟಾಪ್‌ನಿಂದ ಮಾಯವಾಗಿದ್ದ ಕ್ಯೂಬ್ 2024ರ ಫೆಬ್ರವರಿಯಲ್ಲಿ ಪ್ಲಾಸ್ಮಾ 6ರ ಜೊತೆ ವಾಪಸ್ ಬಂದಾಗ ಖುಷಿಪಟ್ಟೆ. ಬಳಸಲಿಲ್ಲ, ಸುಮ್ನೆ ಖುಷಿಪಟ್ಟೆ. ಕಣ್ಣಿಗೆ ಬೇಕಾದ್ದು ಬೇರೆ, ಕೈಗೆ ಬೇಕಾದ್ದು ಬೇರೆ. ಇದು ಗೊತ್ತಿದ್ದೂ ಪಟ್ಟಿಯಲ್ಲಿ ಕ್ಯೂಬ್‌ಗೆ ಆರು ಸೆಕೆಂಡ್ ಬರೆದುಕೊಂಡೆ, ಏನೂ ಬೇಡ ಅಂದವರಿಗೆ ಸೊನ್ನೆ.

ಅವರು ಮಾಡಿದ್ದೇನು ಅಂತ ಹೇಳಬೇಕು. ಲ್ಯಾಪ್‌ಟಾಪ್‌ಗೆ ಹೊರಗಿನ ಮಾನಿಟರ್ ಹಾಕಿಕೊಂಡು ಕೆಲಸ ಮಾಡುವವರಿಗೆ ಈ ಕಷ್ಟ ಗೊತ್ತು. ಹತ್ತು ನಿಮಿಷ ಎದ್ದು ಹೋಗಿ ಬರುತ್ತೀರಿ. ಅಷ್ಟರಲ್ಲಿ ಮಾನಿಟರ್ ನಿದ್ದೆ ಹೋಗಿರುತ್ತೆ. ಡಿಸ್‌ಪ್ಲೇಪೋರ್ಟ್ ಕೇಬಲ್‌ನಲ್ಲಿ ಎಷ್ಟೋ ಮಾನಿಟರ್‌ಗಳು ಮಲಗಿದರೆ ಕಂಪ್ಯೂಟರ್ ಲೆಕ್ಕಕ್ಕೆ ಕೇಬಲ್ ಕಿತ್ತ ಹಾಗೇ. ವಿಂಡೋಗಳೆಲ್ಲ ಓಡಿ ಬಂದು ಚಿಕ್ಕ ಪರದೆ ಮೇಲೆ ಒಂದರ ಮೇಲೊಂದು ಬಿದ್ದಿರುತ್ತವೆ. ಮಾನಿಟರ್ ಎದ್ದರೂ ಅವು ವಾಪಸ್ ಹೋಗಲ್ಲ. ನೀವು ಒಂದೊಂದಾಗಿ ಎಳೆದು ಜೋಡಿಸಬೇಕು.

ಕೇಳೋಕೆ ಸಣ್ಣ ವಿಷಯ, ಒಳಗೆ ಇಳಿದರೆ ತಲೆನೋವು. ವಾಪಸ್ ಬಂದ ಮಾನಿಟರ್ ಹಳೆಯದೇ ಅಂತ ಗುರುತು ಹಿಡಿಯೋದು ಹೇಗೆ? ಪೋರ್ಟ್ ಹೆಸರು ನಂಬೋಣ ಅಂದರೆ ಕೇಬಲ್‌ಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ಸೇರಿಸುವ ಡಾಕನ್ನ ಕಿತ್ತು ಮತ್ತೆ ಹಾಕಿದ ಮೇಲೆ ಅದೇ ಬದಲಾಗಿರಬಹುದು. ಮಾನಿಟರನ್ನೇ ಕೇಳೋಣ ಅಂದರೆ ಕೆಲವು ತಮ್ಮ ಸೀರಿಯಲ್ ನಂಬರ್ ಸರಿಯಾಗಿ ಹೇಳುವುದೇ ಇಲ್ಲ. ಅಂಥವು ಪಕ್ಕಪಕ್ಕ ಎರಡಿದ್ದರೆ ಅವಳಿ ಮಕ್ಕಳನ್ನ ಬೆನ್ನು ನೋಡಿ ಗುರುತು ಹಿಡಿದ ಹಾಗೆ. ಸಾಲದ್ದಕ್ಕೆ ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳು ಪರದೆಗೆ ಬರುವ ವೇಲ್ಯಾಂಡ್ ಅನ್ನೋ ವ್ಯವಸ್ಥೆಯಲ್ಲಿ ತನ್ನ ವಿಂಡೋ ಪರದೆಯ ಯಾವ ಮೂಲೆಯಲ್ಲಿದೆ ಅಂತ ಪ್ರೋಗ್ರಾಂಗೇ ಗೊತ್ತಿರಲ್ಲ. ಎಲ್ಲಾ ಭಾರ ವಿಂಡೋಗಳನ್ನ ಪರದೆ ಮೇಲೆ ಕೂರಿಸುವ ಕಂಪೋಸಿಟರ್ ಮೇಲೆ, ಅಂದರೆ ಅದನ್ನ ಬರೆಯುವ ಅವರ ಮೇಲೆ. ಎರಡು ವರ್ಷ ಇದನ್ನೇ ಮಾಡಿದ್ದಾರೆ. ಈಗ ಮಾನಿಟರ್ ಎದ್ದರೆ ಎಲ್ಲವೂ ಎಲ್ಲಿತ್ತೋ ಅಲ್ಲೇ ಇರುತ್ತೆ.

ಏನೂ ಆಗಲ್ವಲ್ಲ. ಮೊದಲ ಸಲ ಕೇಳಿದಾಗ ಇದು ಸಂಕೋಚ ಅಂದುಕೊಂಡಿದ್ದೆ. ಬುಧವಾರ ಕಾಲ್‌ನ ರೆಕಾರ್ಡಿಂಗ್ ಮತ್ತೆ ಕೇಳಿದೆ. ಸಂಕೋಚ ಅಲ್ಲ. ಸ್ವಲ್ಪ ಬೇಸರವಿದ್ದ ಹಾಗೂ ಇತ್ತು, ಸ್ವಲ್ಪ ಜಂಬ ಇದ್ದ ಹಾಗೂ ಇತ್ತು. ಮೂರನೇ ಸಲ ಕೇಳಿದಾಗ ಜಂಬವೇ ಜಾಸ್ತಿ ಅನ್ನಿಸಿತು.

ನಡುವೆ ಸಂಗೀತದ ಗಲಾಟೆ. ಒಬ್ಬರು ಚೆಂದದ ಟ್ಯೂನ್ ತಂದರು, ಕ್ರಿಯೇಟಿವ್ ಕಾಮನ್ಸ್, ಅಂದರೆ ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದು ಅಂತ. ನೋಡಿದರೆ ಬದಲಾವಣೆಗೆ ಅವಕಾಶ ಇಲ್ಲದ ಎನ್‌ಡಿ ಲೈಸೆನ್ಸ್. "ನಾವೇನು ಟ್ಯೂನ್ ಬದಲಾಯಿಸ್ತಾ ಇಲ್ವಲ್ಲ" ಅಂದರು. ಆದರೆ ಚಲಿಸುವ ಚಿತ್ರಕ್ಕೆ ಹೊಂದಿಸಿ ಕೂರಿಸಿದರೂ ಆ ಲೈಸೆನ್ಸ್ ಲೆಕ್ಕದಲ್ಲಿ ಅದು ರೂಪಾಂತರವೇ. ಇದನ್ನ ಒಪ್ಪಿಸೋಕೆ ಮುಕ್ಕಾಲು ಗಂಟೆ ಹೋಯಿತು. ಜಿಪಿಎಲ್ ಅನ್ನೋ ಸಾಫ್ಟ್‌ವೇರ್ ಲೈಸೆನ್ಸ್‌ನ ಅಲ್ಪವಿರಾಮಕ್ಕೂ ಜಗಳ ಆಡುವ ಜನ ಹಾಡು ಅಂದ ಕೂಡಲೇ ಉದಾರಿಗಳಾಗಿಬಿಡುತ್ತಾರೆ.

ಅನುವಾದದವರು ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದರು: ಚಿತ್ರದ ಮೇಲೆ ಅಕ್ಷರ ಅಂಟಿಸಬೇಡಿ, ಸಬ್‌ಟೈಟಲ್ ಬೇರೆ ಫೈಲ್‌ನಲ್ಲಿ ಕೊಡಿ. ಇಡೀ ತಂಡದಲ್ಲಿ ಕಡಿಮೆ ಮಾತಾಡಿ ಸರಿಯಾಗಿ ಮಾತಾಡುವವರು ಅವರೇ.

ಗುರುವಾರ ರಾತ್ರಿ ನನಗೆ ಹಟ ಬಂತು. ಏನೂ ಆಗದೇ ಇರೋದನ್ನೇ ತೋರಿಸಿದರೆ? ಕೇಬಲ್ ಕೀಳು, ಎಣಿಸು, ಮತ್ತೆ ಹಾಕು. ಪರದೆ ರೆಕಾರ್ಡ್ ಮಾಡುವ ಒಬಿಎಸ್ ತೆರೆದೆ, ಯಾವ ಪರದೆ ಅಂತ ಕೇಳಿದ್ದಕ್ಕೆ ಮಾನಿಟರನ್ನ ಆಯ್ಕೆ ಮಾಡಿದೆ, ಕೇಬಲ್ ಕಿತ್ತೆ. ರೆಕಾರ್ಡಿಂಗ್‌ನಲ್ಲಿ ಚಿತ್ರ ಅಲ್ಲೇ ನಿಂತುಹೋಯಿತು. ನಿಲ್ಲದೆ ಇನ್ನೇನು? ಮಾನಿಟರೇ ಇಲ್ಲದ ಮೇಲೆ ಅದರ ಪರದೆ ಎಲ್ಲಿಂದ ಬರಬೇಕು! ಒಬ್ಬನೇ ಕೂತು ನಕ್ಕೆ.

ಹಾಗಾಗಿ ನಿಜವಾದ ಕ್ಯಾಮೆರಾ ಬೇಕಾಯಿತು. ಅಂದರೆ ಪುಸ್ತಕಗಳ ಗುಡ್ಡೆಗೆ ಒರಗಿಸಿದ ನನ್ನ ಫೋನ್. ಮೊದಲ ಶಾಟ್‌ನಲ್ಲಿ ಪರದೆ ತುಂಬ ಕಪ್ಪು ಪಟ್ಟೆಗಳು ಓಡಿದವು. ಶಟರ್ ವೇಗವನ್ನ 1/60ಕ್ಕೆ ಇಳಿಸಿದ ಮೇಲೆ ಹೋದವು. ಆಮೇಲೆ ಸೀರೆಯ ಜರಿ ಥರ ಬಣ್ಣದ ಅಲೆಗಳು. ಫೋನನ್ನ ಸ್ವಲ್ಪ ಓರೆ ಮಾಡಿ ಹಿಂದಕ್ಕೆ ಸರಿಸಿದೆ. ಹದಿನಾಲ್ಕನೇ ಸಲಕ್ಕೆ ಸರಿಬಂತು. ಕೈ ಬರುತ್ತೆ, ಕೇಬಲ್ ಕೀಳುತ್ತೆ, ದೊಡ್ಡ ಪರದೆ ಕಪ್ಪಾಗುತ್ತೆ. ಕೈ ಮತ್ತೆ ಹಾಕುತ್ತೆ. ಬ್ರೌಸರ್ ಎಡಕ್ಕೆ, ಎಡಿಟರ್ ಬಲಕ್ಕೆ, ಕೆಳಗೆ ಟರ್ಮಿನಲ್, ಮೊದಲಿದ್ದ ಹಾಗೇ. ಎಂಟು ಸೆಕೆಂಡು.

ಅದನ್ನ ನೋಡುತ್ತಾ 2008ರ ಜನವರಿ ನೆನಪಾಯಿತು. ಆಗ ಕೆಡಿಇ 4.0 ಬಂದಿತ್ತು. ನೋಡೋಕೆ ಎಲ್ಲಾ ಹೊಸದು, ದಿನಾ ಬಳಸೋಕೆ ಅರ್ಧಂಬರ್ಧ. ಇದು ಇನ್ನೂ ಎಲ್ಲರಿಗೂ ಅಲ್ಲ ಅಂತ ಮಾಡಿದವರು ಹೇಳಿದ್ದರೂ 4.0 ಅನ್ನೋ ಅಂಕಿ ಬೇರೆಯೇ ಆಸೆ ಹುಟ್ಟಿಸಿತ್ತು. ಬೈಗುಳ ತಿಂದಿದ್ದು ಆಗ ಮಾತ್ರ ಅಲ್ಲ, ವರ್ಷಗಟ್ಟಲೆ. ನಾನೂ ಬೈದಿದ್ದೆ. ಅಂಥ ಬೈಗುಳಗಳನ್ನ ಒಂದೊಂದಾಗಿ ಇಲ್ಲವಾಗಿಸಿದವರು ಯಾವ ಚಿತ್ರದಲ್ಲೂ ಬರಲಿಲ್ಲ. ಕೆಟ್ಟಾಗ ಎಲ್ಲರಿಗೂ ಕಾಣುತ್ತೆ, ಸರಿಹೋದಾಗ ಜನ ಅದನ್ನ ಮರೆತೇಬಿಡುತ್ತಾರೆ. ನಾನು ದಿನಾ ಬಳಸೋದು ಆ ಮರೆತ ಭಾಗವನ್ನೇ. ಅದಕ್ಕೆ ಸೊನ್ನೆ ಬರೆದ ಕೈಯೂ ನನ್ನದೇ ಅಲ್ವಾ.

ನಿನ್ನೆ ಕ್ಯೂಬ್‌ನ ಆರು ಸೆಕೆಂಡಿನಿಂದ ನಾಲ್ಕು, ವಾಲ್‌ಪೇಪರ್‌ನಿಂದ ನಾಲ್ಕು ಕತ್ತರಿಸಿ ಈ ತುಣುಕನ್ನ ಸೇರಿಸಿದೆ. ಹಾಡು ಅಲ್ಲಿ ನಿಲ್ಲುತ್ತೆ. ಕೇಬಲ್ ಟಕ್ ಅನ್ನೋ ಸದ್ದು ಮಾತ್ರ. ಎಲ್ಲರಿಗೂ ಕಳಿಸಿದೆ.

ಕ್ಯೂಬ್‌ನವರು ಬರೆದರು: "ಇದರಲ್ಲಿ ಏನಾಯ್ತು ಅಂತಲೇ ಗೊತ್ತಾಗಲಿಲ್ಲ." ವಾಲ್‌ಪೇಪರ್ ಹುಡುಗ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. "ನನ್ನ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಇದು ಯಾವಾಗ ಬರುತ್ತೆ?" ಅಂತ ಕೇಳಿದ್ದಾನೆ.

ಅವರ ಉತ್ತರ ಬಂದಿದ್ದು ಇವತ್ತು ಬೆಳಿಗ್ಗೆ.

"ಆರನೇ ಸೆಕೆಂಡ್ ನೋಡಿ. ಟರ್ಮಿನಲ್ ಒಂದು ಕೂದಲೆಳೆಯಷ್ಟು ಕೆಳಗೆ ಬಂದಿದೆ. ಇಷ್ಟು ದಿನ ನನಗೆ ಕಂಡೇ ಇರಲಿಲ್ಲ. ಸೋಮವಾರದೊಳಗೆ ಸರಿ ಮಾಡ್ತೀನಿ, ಆಮೇಲೆ ಇನ್ನೊಂದು ಸಲ ಕೇಬಲ್ ಕೀಳ್ತೀರಾ?"

ಪುಸ್ತಕಗಳ ಗುಡ್ಡೆಯನ್ನ ಹಾಗೇ ಇಟ್ಟಿದ್ದೇನೆ.