ವಾಲ್ವ್ ರೇಡಿಯೊ ದುರಸ್ತಿಯ ದಿನಚರಿ: ಮಂಗಳವಾರದ ಬಾವು

ಆಗಸ್ಟ್ 18

ಅಜ್ಜನ ಕಾಲದ ಮರ್ಫಿ ವಾಲ್ವ್ ರೇಡಿಯೊದ ಚಾಸಿಯನ್ನು, ಅಂದರೆ ಬಿಡಿಭಾಗಗಳನ್ನು ಜೋಡಿಸಿರುವ ಲೋಹದ ಚೌಕಟ್ಟನ್ನು, ಮರದ ಪೆಟ್ಟಿಗೆಯಿಂದ ಹೊರತೆಗೆದು, ಮೇಣ ಸೋರಿಹೋಗಿರುವ ಕಾಗದದ ಕೆಪಾಸಿಟರ್‌ಗಳನ್ನು ಬದಲಿಸಲು ಆರಂಭಿಸಿದ್ದೇನೆ. ಶಾಲೆಗೆ ರಜೆಯಿರುವ ಭಾನುವಾರ ಮಾತ್ರ ಕೆಲಸ ಸಾಗುವುದರಿಂದ ಇದುವರೆಗೆ ನಾಲ್ಕು ಮುಗಿದಿವೆ. ರೇಡಿಯೊಗೆ ಸಂಬಂಧವಿಲ್ಲದ ಒಂದು ಮಾತನ್ನೂ ಇಲ್ಲಿಯೇ ಬರೆದಿಡುತ್ತೇನೆ: ಎರಡು ವಾರಗಳಿಂದ ಎರಡೂ ಕಣ್ಣುರೆಪ್ಪೆಗಳು ಕೆಂಪಾಗಿ ಊದಿಕೊಂಡು, ವಿಪರೀತ ತುರಿಸಿ, ಕೊನೆಗೆ ಹೊಟ್ಟಿನಂತೆ ಸುಲಿಯುತ್ತಿವೆ.

ಸೆಪ್ಟೆಂಬರ್ 22

ರಾಯಚೂರಿನಲ್ಲಿ ಮಳೆಗಾಲದಲ್ಲಿ ಯಾರ ಮುಖ ಕೆಂಪಾದರೂ ಜನರ ಬಾಯಲ್ಲಿ ಮೊದಲು ಬರುವುದು ಕಾಂಗ್ರೆಸ್ ಹುಲ್ಲಿನ ಹೆಸರು, ಅಂದರೆ ಪಾರ್ಥೇನಿಯಂ. ಈ ಸಂಶಯ ಆಧಾರವಿಲ್ಲದ್ದೇನೂ ಅಲ್ಲ. ಆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವು ಒಣಗಿದ ಎಲೆ, ಹೂವಿನ ಧೂಳಿನೊಡನೆ ಗಾಳಿಯಲ್ಲಿ ತೇಲಿಬಂದು ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಕುಳಿತು, ಒಗ್ಗದವರಿಗೆ ಭಾರಿ ಕಾಟ ಕೊಡುತ್ತದೆ. ಇಡೀ ಬದುಕನ್ನು ಹೊಲದಲ್ಲೇ ಕಳೆದು, ಇದೇ ಕಾರಣಕ್ಕೆ ಮುಖದ ಚರ್ಮ ದಪ್ಪಗಟ್ಟಿ ಕಪ್ಪಾದ ರೈತರನ್ನು ನಾನೇ ಕಂಡಿದ್ದೇನೆ. ಪ್ರತಿ ಸೋಮವಾರ ಸಂಜೆ ಮಾನ್ವಿ ರಸ್ತೆಯ ನಮ್ಮ ಗದ್ದೆಗೆ ಹೋಗಿಬರುವುದು ನನ್ನ ರೂಢಿ, ಕಾಲುವೆಯ ದಂಡೆಯಲ್ಲಿ ಈ ಹುಲ್ಲು ಈಗ ಸೊಂಟದೆತ್ತರಕ್ಕೆ ಬಿಳಿ ಹೂ ಬಿಟ್ಟು ನಿಂತಿದೆ, ಮಂಗಳವಾರ ಬೆಳಿಗ್ಗೆ ಕಣ್ಣು ತೆರೆಯಲಾಗದಷ್ಟು ಬಾವು. ಲೆಕ್ಕ ಸರಿಹೊಂದಿತೆಂದು ತಿಳಿದು ಎರಡು ಸೋಮವಾರ ಗದ್ದೆಗೆ ಹೋಗುವುದನ್ನು ನಿಲ್ಲಿಸಿದೆ. ಎರಡು ಮಂಗಳವಾರವೂ ಬಾವು ತಪ್ಪಲಿಲ್ಲ.

ರೇಡಿಯೊ: ಒಂಬತ್ತು ಕೆಪಾಸಿಟರ್ ಮುಗಿದವು.

ಅಕ್ಟೋಬರ್ 13

ಎರಡನೆಯ ಸಂಶಯ ನಿಕ್ಕಲ್ ಮೇಲೆ, ಅಂದರೆ ಹಲವರ ಚರ್ಮಕ್ಕೆ ಒಗ್ಗದ ಲೋಹದ ಮೇಲೆ, ಬಿತ್ತು. ರಸಾಯನಶಾಸ್ತ್ರ ಕಲಿಸುವ ಸ್ನೇಹಿತರಿಂದ ಡೈಮೀಥೈಲ್‌ಗ್ಲಯಾಕ್ಸಿಮ್ ಮತ್ತು ಅಮೋನಿಯಾ ದ್ರಾವಣ ತಂದು, ಹತ್ತಿಯಲ್ಲಿ ಅದ್ದಿ ನನ್ನ ಚಿಮಟವನ್ನು ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು; ಅದು ನಿಕ್ಕಲ್ ಬಿಡುತ್ತಿರುವುದರ ಗುರುತು. ಖಚಿತಪಡಿಸಿಕೊಳ್ಳಲು ನಿಕ್ಕಲ್ ಲೇಪದ ವಾಷರ್ ಒಂದನ್ನು ಬಟ್ಟೆಯ ಅಂಟುಪಟ್ಟಿಯಿಂದ ಮುಂಗೈಗೆ ಅಂಟಿಸಿಕೊಂಡು ಎರಡು ದಿನ ಬಿಟ್ಟೆ. ವಾಷರ್ ಇದ್ದಲ್ಲಿ ತೆಳ್ಳಗೆ ಕೆಂಪು ಬಳೆ ಮೂಡಿತ್ತು. ಅದರ ಸುತ್ತ, ಅಂಟು ತಾಗಿದ್ದಷ್ಟೂ ಜಾಗದಲ್ಲಿ, ಅಳತೆಪಟ್ಟಿ ಇಟ್ಟು ಗೀಚಿದಂತೆ ಚೌಕಾಕಾರದಲ್ಲಿ ಚರ್ಮ ಉಬ್ಬಿ ಕೆರೆಯುತ್ತಿತ್ತು. "ಬೆವರಿಗೆ ಪಟ್ಟಿ ಕಚ್ಚಿದೆ" ಎಂದು ಬರೆದು, ಚಿಮಟವನ್ನು ಎತ್ತಿಟ್ಟು ಪ್ಲಾಸ್ಟಿಕ್ಕಿನದನ್ನು ಕೊಂಡುತಂದೆ. ಮಂಗಳವಾರದ ಬಾವು ಹಾಗೆಯೇ ಉಳಿಯಿತು.

ನವೆಂಬರ್ 10

ಮೊನ್ನೆ ಚರ್ಮರೋಗ ತಜ್ಞರನ್ನು ಕಂಡೆ. ಸ್ಪರ್ಶದಿಂದ ಬರುವ ಈ ಬಗೆಯ ಅಲರ್ಜಿಯಲ್ಲಿ ಕೆಲಸ ಮಾಡುವುದು ಟಿ ಕಣಗಳೆಂಬ ಬಿಳಿ ರಕ್ತಕಣಗಳೆಂದೂ, ಅವು ಗುರುತು ಹಿಡಿದು ಗುಂಪುಗೂಡಿ ಚರ್ಮವನ್ನು ಕೆರಳಿಸಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆಂದೂ ಅವರು ವಿವರಿಸಿದಾಗ, ನಾನು ಪ್ರತಿ ಬಾರಿಯೂ ಹಿಂದಿನ ದಿನವನ್ನಷ್ಟೇ ತಡಕಾಡುತ್ತಿದ್ದೆನೆಂಬುದು ಅರ್ಥವಾಯಿತು. ಮನೆಗೆ ಬಂದು ಈ ದಿನಚರಿಯ ಪುಟಗಳನ್ನು ಮತ್ತೆ ತಿರುವಿದೆ. ಮಂಗಳವಾರಕ್ಕೆ ಎರಡು ದಿನ ಹಿಂದೆ ಭಾನುವಾರ. ರೇಡಿಯೊ ಮುಟ್ಟದ ಎರಡು ವಾರಗಳಲ್ಲಿ ಬಾವೂ ಇರಲಿಲ್ಲ.

ಅಂಟುಪಟ್ಟಿಯ ಕತೆ ಕೇಳಿ ಅವರು ಆ ಚೌಕದ ಬಗ್ಗೆ ಎರಡೆರಡು ಬಾರಿ ವಿಚಾರಿಸಿದರು. ಮನೆಯಲ್ಲಿ ಹೀಗೆ ಪರೀಕ್ಷೆ ಮಾಡಿಕೊಳ್ಳುವುದು ತಪ್ಪೆಂದೂ, ಅಳತೆಯಿಲ್ಲದ ವಸ್ತು ಚರ್ಮವನ್ನು ಸುಡಬಹುದು ಅಥವಾ ಇಲ್ಲದ ಅಲರ್ಜಿಯನ್ನು ಹೊಸದಾಗಿ ಹುಟ್ಟಿಸಬಹುದೆಂದೂ ಗಟ್ಟಿಯಾಗಿ ಹೇಳಿದರು. ಸಂಶಯದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಗೆ ಬೆನ್ನು ಒಣಗಿರಬೇಕು, ಸ್ಟೀರಾಯ್ಡ್ ಮಾತ್ರೆ ದೇಹದಲ್ಲಿರಬಾರದು. ಒಂದು ದವಾಖಾನೆಯಲ್ಲಿ ಹೆಸರು ಹೇಳದೆ ಕೊಟ್ಟಿದ್ದ ಮಾತ್ರೆ ಅದೇ ಆಗಿತ್ತೆಂದು ಈಗ ತಿಳಿಯಿತು. ಇದು ನನಗೆ ನಿಜವಾಗಿ ನೋವುಂಟುಮಾಡಿದ ಸಂಗತಿ. ಅದನ್ನು ಅವರ ಸೂಚನೆಯಂತೆ ನಿಲ್ಲಿಸಿ, ನಮ್ಮೂರಿನ ಸೆಕೆ ಇಳಿಯುವವರೆಗೆ ಕಾಯಬೇಕಾಗಿದೆ.

ಡಿಸೆಂಬರ್ 13

ಸೋಮವಾರ ಬೆನ್ನಿಗೆ ಸಾಲುಸಾಲಾಗಿ ಪುಟ್ಟ ಅಲ್ಯುಮಿನಿಯಂ ಬಟ್ಟಲುಗಳನ್ನು ಅಂಟಿಸಿದರು. ಒಂದೊಂದರಲ್ಲಿಯೂ ಒಂದೊಂದು ವಸ್ತು ಗೊತ್ತಾದ ಪ್ರಮಾಣದಲ್ಲಿ: ನಿಕ್ಕಲ್, ಸಿಮೆಂಟಿನಲ್ಲಿರುವ ಕ್ರೋಮೇಟ್, ತಲೆಬಣ್ಣದ ಪಿಪಿಡಿ, ಸುಗಂಧ ಮಿಶ್ರಣ, ರಬ್ಬರಿನ ರಾಸಾಯನಿಕಗಳು, ಪಾರ್ಥೇನಿಯಂ, ಮತ್ತು ಪೈನ್ ಮರದ ರಾಳವಾದ ಕೊಲೊಫನಿ. 1895ರಲ್ಲಿ ಯಾಡಸೋನ್ ಎಂಬ ಜರ್ಮನ್ ವೈದ್ಯರು ತೋರಿಸಿಕೊಟ್ಟ ವಿಧಾನ ಮೂಲದಲ್ಲಿ ಇಂದಿಗೂ ಹೀಗೆಯೇ ಇದೆ. ಬುಧವಾರ ಬಿಚ್ಚಿ ನೋಡಿದಾಗ ಎರಡು ಕಡೆ ಕೆಂಪು ಕಂಡಿತ್ತು. ಇಂದು, ಶುಕ್ರವಾರ, ತಜ್ಞರು ಕಣ್ಣಿನಿಂದ ನೋಡಿದ್ದಲ್ಲದೆ ಬೆರಳ ತುದಿಯಿಂದ ಸವರಿಯೂ ಓದಿದರು. ಕೊಲೊಫನಿಯ ಜಾಗ ಗಟ್ಟಿಯಾಗಿ ಉಬ್ಬಿ, ಮೇಲೆ ಸಾಸಿವೆಗಿಂತ ಚಿಕ್ಕ ನೀರುಗುಳ್ಳೆಗಳು: ಎರಡು ಪ್ಲಸ್, ಅಂದರೆ ಬಲವಾದ ಪ್ರತಿಕ್ರಿಯೆ. ನಿಕ್ಕಲ್ಲಿಗೆ ಒಂದು ಪ್ಲಸ್. ಪಾರ್ಥೇನಿಯಂ ಇದ್ದ ಜಾಗ ಸ್ವಚ್ಛ.

ನಿಕ್ಕಲ್ ಅಲರ್ಜಿ ನಿಜವಾಗಿಯೂ ಇದೆ, ಬೆಲ್ಟಿನ ಬಕಲ್ ತಾಗುವಲ್ಲಿ ವರ್ಷಗಳಿಂದ ಇರುವ ಕಲೆಗೆ ಅದೇ ಕಾರಣ. ಆದರೆ ರೆಪ್ಪೆಯ ಬಾವಿಗೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆಯಲ್ಲಿ ಕೆಂಪಾದದ್ದೆಲ್ಲ ಇಂದಿನ ಕಾಯಿಲೆಯ ಕಾರಣವಾಗಬೇಕಿಲ್ಲ ಎಂಬ ಅವರ ಮಾತನ್ನು ಕೇಳಿಯೇ ನನ್ನ ಗುಲಾಬಿ ಹತ್ತಿಯ ತಪ್ಪು ನನಗೆ ಪೂರ್ತಿ ಕಂಡದ್ದು. ಕೆಪಾಸಿಟರ್ ಬೆಸೆಯಲು ಕರಗಿಸುವ ಸೋಲ್ಡರ್ ತಂತಿಯ ಒಳಗೆ, ಬೆಸುಗೆ ಚೆನ್ನಾಗಿ ಹಿಡಿಯಲೆಂದು ತುಂಬಿರುವ ಫ್ಲಕ್ಸ್ ಎಂದರೆ ಸಾಮಾನ್ಯವಾಗಿ ಈ ಕೊಲೊಫನಿ ರಾಳವೇ. ಬಿಸಿ ತಾಗಿದೊಡನೆ ಏಳುವ ದಾರದಂಥ ಹೊಗೆ, ಬಗ್ಗಿ ನೋಡುವವನ ಮುಖಕ್ಕೆ ನೇರವಾಗಿ ಬಂದು, ಮೈಯಲ್ಲೇ ಅತಿ ತೆಳುವಾದ ರೆಪ್ಪೆಯ ಚರ್ಮದ ಮೇಲೆ ಕೂರುತ್ತದೆ. ಬಟ್ಟೆಯ ಅಂಟುಪಟ್ಟಿಯ ಅಂಟಿನಲ್ಲಿಯೂ ಹಲವು ಬಾರಿ ಇದೇ ರಾಳ ಇರುತ್ತದೆ. ಆ ಚೌಕ ಎರಡು ತಿಂಗಳ ಹಿಂದೆಯೇ ಉತ್ತರ ಹೇಳಿತ್ತು.

ಜನವರಿ 26

ತಂತಿಯ ಸುರುಳಿಯ ಮೇಲೆ "ಆರ್‌ಓ" ಎಂದು ಆರಂಭವಾಗುವ ಗುರುತಿದ್ದರೆ ಒಳಗೆ ರಾಳವಿದೆ ಎಂದರ್ಥ. "ನೋ ಕ್ಲೀನ್", ಅಂದರೆ ಬೆಸೆದ ಮೇಲೆ ಒರೆಸಬೇಕಿಲ್ಲ, ಎಂಬ ಬರಹವನ್ನು ನಂಬುವಂತಿಲ್ಲ, ಅವುಗಳಲ್ಲಿಯೂ ಹಲವಕ್ಕೆ ರಾಳವೇ ಆಧಾರ. ರಾಳವಿಲ್ಲದ ತಂತಿಯನ್ನು ಹುಡುಕಿ ತರಿಸಿ ಈ ತಿಂಗಳ 5ರಂದು ಕೆಲಸ ಮುಂದುವರಿಸಿದೆ. 7ರಂದು ಮತ್ತೆ ಬಾವು ಬಂದಾಗ ಮನಸ್ಸು ಕುಸಿದುಹೋಯಿತು. ಭೂತಗನ್ನಡಿ ಹಿಡಿದು ಚಾಸಿಯನ್ನು ನೋಡಿದಾಗ ಕಾರಣ ಸಿಕ್ಕಿತು: ಕಾರ್ಖಾನೆಯಲ್ಲಿ ಹಾಕಿದ ಪ್ರತಿ ಹಳೆಯ ಬೆಸುಗೆಯ ಸುತ್ತ ಜೇನುಬಣ್ಣದ ರಾಳದ ಹನಿಯೊಂದು ಗಟ್ಟಿಯಾಗಿ ಅಂಟಿಕೊಂಡಿತ್ತು, ಬಿಚ್ಚಲೆಂದು ನಾನು ಕಾಯಿಸಿದ್ದು ಅದನ್ನೇ.

ಆದ್ದರಿಂದ ಈಗ ಹಳೆಯ ಬೆಸುಗೆಯನ್ನು ಕರಗಿಸುವುದಿಲ್ಲ. ಕೆಪಾಸಿಟರ್‌ನ ಕಾಲನ್ನು ಕಟ್ಟರ್‌ನಿಂದ ಕತ್ತರಿಸಿ, ಉಳಿದ ತುಂಡಿಗೆ ಹೊಸದನ್ನು ಸುತ್ತಿ, ತುದಿಯಲ್ಲಷ್ಟೇ ಬೆಸೆಯುತ್ತೇನೆ. ಹಳೆಯ ಕಂಪ್ಯೂಟರಿನ ಫ್ಯಾನ್ ಒಂದನ್ನು ಪಕ್ಕದಲ್ಲಿಟ್ಟು ಹೊಗೆಯನ್ನು ಕಿಟಕಿಯ ಕಡೆಗೆ ಎಳೆಸುತ್ತೇನೆ. ಕೈ ತೊಳೆಯದೆ ಕಣ್ಣು ಮುಟ್ಟುವುದಿಲ್ಲ. 12 ಮತ್ತು 19ರ ಕೆಲಸದ ನಂತರ ಬಂದ ಎರಡು ಮಂಗಳವಾರಗಳಲ್ಲಿ ರೆಪ್ಪೆಗಳು ಶುಭ್ರವಾಗಿದ್ದವು.

ರೇಡಿಯೊ: ಕೆಪಾಸಿಟರ್‌ಗಳೆಲ್ಲ ಮುಗಿದಿವೆ, ವಾಲ್ವ್‌ಗಳ ಒಳಗೆ ಕೆಂಪು ಬೆಳಕು ಕಾಣುತ್ತದೆ, ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಮಾತ್ರ ಬರುತ್ತಿದೆ. ಮುಂದಿನ ಭಾನುವಾರ ಆಸಿಲೇಟರ್ ಭಾಗವನ್ನು, ಅಂದರೆ ಕೇಂದ್ರ ಹಿಡಿಯಲು ಬೇಕಾದ ಕಂಪನ ಹುಟ್ಟಿಸುವ ಭಾಗವನ್ನು, ಅಳೆಯಬೇಕು.